ಅಮೀನಸಾಬನ ಟಾಕಾ

ಶಹಾಪುರದಿಂದ ಯಾದಗಿರಿಗೆ ಹೋಗುವ ರಸ್ತೆಯಲ್ಲಿ, ಪಂಕ್ಚರ್ ನಯೀಮನ ಅಂಗಡಿಗೆ ಒತ್ತಿಕೊಂಡು ಒಂದು ತಗಡಿನ ಶೆಡ್ಡಿದೆ. ಅದಕ್ಕೆ ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಸುತ್ತಲಿನ ಇಪ್ಪತ್ತು ಹಳ್ಳಿಯಲ್ಲಿ ಯಾರನ್ನಾದರೂ ಅಮೀನಸಾಬನ ಶೆಡ್ಡು ಎಲ್ಲಿ ಎಂದು ಕೇಳಿ ನೋಡಿ. ದಾರಿ ತೋರಿಸುವ ಮೊದಲು ಅವನ ಟಾಕಾದ ವಿಷಯ ಶುರು ಮಾಡುತ್ತಾರೆ.

ಟಾಕಾ ಅಂದರೆ ದೊಡ್ಡ ವಿದ್ಯೆಯೇನಲ್ಲ. ನಟ್ಟು ಬಿಗಿದಾದ ಮೇಲೆ ಅದರ ಅಂಚಿಗೆ ಕಡಲೆಕಾಳಿನಷ್ಟು ವೆಲ್ಡಿಂಗ್ ಹನಿ ಬಿಡುವುದು, ಅಷ್ಟೇ. ದರ್ಜಿ ಕೊನೆಯ ಹೊಲಿಗೆಗೆ ಗಂಟು ಹಾಕುತ್ತಾನಲ್ಲ, ಹಾಗೆ. ಆ ಹನಿ ಬಿದ್ದ ನಟ್ಟು ನಮ್ಮ ಕಡೆಯ ರಸ್ತೆಗಳ ಕುಲುಕಾಟಕ್ಕೂ ಜಗ್ಗುವುದಿಲ್ಲ, ನಟ್ಟು ಬಿಚ್ಚುವ ಪಾನಾ ಕಿಸೆಯಲ್ಲಿಟ್ಟುಕೊಂಡು ಸಂತೆ ತಿರುಗುವ ಕಳ್ಳರಿಗೂ ಜಗ್ಗುವುದಿಲ್ಲ. ಬೇರೆ ವೆಲ್ಡರುಗಳು ಹೇಳಿದರೆ ಹಾಕುತ್ತಾರೆ. ಅಮೀನಸಾಬ ಹೇಳದೆ ಹಾಕುತ್ತಾನೆ. ನೇಗಿಲಿರಲಿ, ಗೇಟಿರಲಿ, ಟ್ರ್ಯಾಕ್ಟರಿನ ಸಾಮಾನಿರಲಿ, ಕೆಲಸ ಮುಗಿಯಿತೆಂದರೆ ಕೈ ತಾನಾಗಿ ಹೋಗಿ ಟಾಕಾ ಹಾಕಿ ಬರುತ್ತದೆ. ಮೂವತ್ತೈದು ವರ್ಷದ ಚಾಳಿ. ಗಿರಾಕಿಗಳೂ ಹಾಗೆಯೇ ಕಲಿತುಬಿಟ್ಟಿದ್ದಾರೆ. ಬೇರೇನೂ ನೋಡುವುದಿಲ್ಲ. ಬಗ್ಗಿ, ನಟ್ಟಿನ ಮೇಲೆ ಬೆರಳಾಡಿಸಿ, ಟಾಕಾ ಇದೆ ಎಂದು ಖಾತ್ರಿಯಾದರೆ ಹೊರಡುತ್ತಾರೆ.

ಅವನ ಅಪ್ಪ ಸುರಪುರದಲ್ಲಿ ಬಂಡಿಯ ಗಾಲಿಗಳಿಗೆ ಕಬ್ಬಿಣದ ಪಟ್ಟಾ ಏರಿಸುತ್ತಿದ್ದವ. ಸಾಯುವಾಗ ಮಗನಿಗೆ ಬಿಟ್ಟುಹೋದದ್ದು ಒಂದು ಬೆಳ್ಳಿ ಉಂಗುರ, ಒಂದು ಮಾತು. ನೀನು ಮಾಡಿ ಕೊಟ್ಟದ್ದು ತಿರುಗಿ ನಿನ್ನ ಬಾಗಿಲಿಗೆ ಬರಬಾರದು ಎಂಬುದೇ ಆ ಮಾತು. ಉಂಗುರ ಈಗಲೂ ಬಲಗೈಯಲ್ಲಿದೆ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವಜೂ ಮಾಡುವಾಗ ಉಂಗುರದ ಕೆಳಗಿನ ಚರ್ಮಕ್ಕೂ ನೀರು ತಾಕಬೇಕು. ಅದಕ್ಕೆಂದು ದಿನಕ್ಕೆ ಐದು ಸಲ ಅದನ್ನು ತಿರುಗಿಸಿ ತಿರುಗಿಸಿ ಬೆರಳಿನ ಬುಡ ನುಣ್ಣಗಾಗಿದೆ. ಮಾತೂ ಅವನ ಜೊತೆಗೇ ಇತ್ತು, ಐವತ್ತೇಳನೆಯ ವಯಸ್ಸಿನ ತನಕ. ಆಮೇಲೆ ಒಂದು ದಿನ ಅವನು ಮಾಡಿ ಕೊಟ್ಟದ್ದು ಮುರಿದು, ತಿರುಚಿಕೊಂಡು, ಅವನ ಬಾಗಿಲಿಗೇ ಬಂತು.

ಅದು ಅವನು ಮಾಡಿದ ಮೊದಲ ಬೈಕ್ ಟ್ರೇಲರು. ಮಾಡಿಸಿಕೊಂಡವ ಭೀಮಾ ದಂಡೆಯ ದ್ಯಾವಪ್ಪ. ಹೊಳೆಯಲ್ಲಿ ಮೀನು ಹಿಡಿಯುವ ಮನೆತನ. ದ್ಯಾವಪ್ಪ ಹರಗೋಲು ಹಾಕಿ ಬಲೆ ಬೀಸುವುದು, ಅವನ ಮಗ ದೇವು ಮೀನಿನ ಬುಟ್ಟಿಗಳನ್ನು ಬೈಕಿಗೆ ಕಟ್ಟಿಕೊಂಡು ಯಾದಗಿರಿಯ ಸಂತೆಗೆ ಒಯ್ಯುವುದು. ಬುಟ್ಟಿ ಹೆಚ್ಚಾದವು, ಟ್ರೇಲರು ಬೇಕಾಯಿತು. ಅಮೀನಸಾಬ ಎರಡು ಗಾಲಿಯ ಚೊಕ್ಕ ತೊಟ್ಟಿ ಮಾಡಿ, ಅದರ ಕುತ್ತಿಗೆಗೊಂದು, ಬೈಕಿನ ಹಿಂದೊಂದು ಕೊಂಡಿ ಕೂರಿಸಿ, ದಪ್ಪ ಮೊಳೆ ಇಳಿಸಿ ಎರಡನ್ನೂ ಜೋಡಿಸಿಕೊಟ್ಟ. ಟಾಕಾಗಳಂತೂ ಒಂದಲ್ಲ ಎರಡಲ್ಲ, ಹನ್ನೆರಡು ಬಿದ್ದವು.

ಎರಡೇ ತಿಂಗಳಿಗೆ ಕಾಲುವೆಯ ಏರಿಯ ಮೇಲೆ ಟ್ರೇಲರಿನ ಎಡಗಾಲಿ ತಗ್ಗಿಗಿಳಿದು ಅದು ಮಗುಚಿತು. ಮಗುಚುವಾಗ ಬೈಕನ್ನೂ ಜೊತೆಗೆ ಹೊರಳಿಸಿಕೊಂಡು ಏರಿಯ ಕೆಳಕ್ಕೆ ಬಿತ್ತು. ದೇವುವಿನ ಎಡಗಾಲು ಬೈಕಿನಡಿ ಸಿಕ್ಕು ತೊಡೆಯ ಎಲುಬು ಎರಡಾಯಿತು. ಒಳಗೆ ರಾಡು ಹಾಕಿದರು.

ಊರ ಬಾಯಿಗೆ ಮುಚ್ಚಳವಿದೆಯೇ? ದೇವು ಕುಡಿದಿದ್ದ ಎಂದಿತು ಊರು. ಮದುವೆಗೆ ಮುಂಚೆ ಅವನು ಕುಡಿಯುತ್ತಿದ್ದದ್ದು ನಿಜ. ಮದುವೆಯ ಹಿಂದಿನ ದಿನ ದ್ಯಾವಪ್ಪ ಅವನನ್ನು ಹೊಳೆಗೆ ಕರೆದೊಯ್ದು, ಹರಗೋಲಿನ ಮೇಲೆ ಕೈ ಇಡಿಸಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದ್ದ. ಆ ಮನೆತನಕ್ಕೆ ಹರಗೋಲಿನ ಆಣೆಗಿಂತ ದೊಡ್ಡದಿಲ್ಲ. ನೀರಿನ ಮೇಲೆ ಜೀವ ಹೊರುವುದು ಅದೇ. ಹರಗೋಲಿನ ಆಣೆ ಮುರಿದವ ಮತ್ತೆ ಅದನ್ನು ಮುಟ್ಟಬಾರದು ಎಂದು ದ್ಯಾವಪ್ಪ ಹೇಳಿಬಿಟ್ಟ. ಅಂದಿನಿಂದ ಮಗನೊಡನೆ ಮಾತು ಬಂದ್. ನಾನು ಕುಡಿದಿರಲಿಲ್ಲ ಎಂದು ದೇವು ಆಸ್ಪತ್ರೆಯ ಮಂಚದ ಮೇಲಿಂದ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುಡಿದವರೆಲ್ಲ ಹೇಳುವುದು ಅದನ್ನೇ ತಾನೇ.

ಅಮೀನಸಾಬನಿಗೆ ಮಾತ್ರ ನಿಜ ಗೊತ್ತಿತ್ತು. ಮರುದಿನ ಮುರಿದ ಟ್ರೇಲರನ್ನು ಶೆಡ್ಡಿಗೆ ತಂದಾಗ ಒಂದು ಸಲ ಕೊಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ, ತಿಳಿಯಿತು. ಅವನ ಕೊಂಡಿ ಎಡಬಲಕ್ಕೆ ತಿರುಗುತ್ತಿತ್ತು, ಮೇಲೆ ಕೆಳಗೆ ಆಡುತ್ತಿತ್ತು. ಆದರೆ ಮೈ ಹೊರಳಿಸುತ್ತಿರಲಿಲ್ಲ. ಟ್ರೇಲರು ವಾಲಿದರೆ ಬೈಕೂ ವಾಲಲೇಬೇಕು, ಅದು ಬಿದ್ದರೆ ಇದೂ ಬೀಳಲೇಬೇಕು. ದೇವುವಿನ ಜಾಗದಲ್ಲಿ ಹಾಲು ಕುಡಿದು ಬಂದವನಿದ್ದರೂ ಬೀಳುತ್ತಿದ್ದ. ಅಮೀನಸಾಬ ಟ್ರೇಲರಿನ ಕುತ್ತಿಗೆಯಿಂದ ಆ ಕೊಂಡಿಯನ್ನು ಕತ್ತರಿಸಿ, ಗೋಣಿಚೀಲದಲ್ಲಿ ಸುತ್ತಿ, ಶೆಡ್ಡಿನ ಹಿಂದಿನ ಗುಜರಿಯಲ್ಲಿ ತುರುಕಿದ. ಯಾರಿಗೂ ಹೇಳಲಿಲ್ಲ. ದ್ಯಾವಪ್ಪ ಬಂದು, "ನಿಮ್ದೇನು ತಪ್ಪಿಲ್ಲ ಬಿಡ್ರಿ ಸಾಬ್ರ, ನಮ್ಮ ಬಂಗಾರನೇ ಸರಿ ಇಲ್ಲ" ಅಂದಾಗಲೂ ಹೇಳಲಿಲ್ಲ. ಬಾಯಿಯವರೆಗೆ ಬಂದ ಮಾತು ಬಿಸಿ ತುಪ್ಪವಾಯಿತು, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಹೇಳಿದರೆ ಮೂವತ್ತೈದು ವರ್ಷದ ಹೆಸರು ಒಂದೇ ದಿನಕ್ಕೆ ಮಣ್ಣಾಗುತ್ತದೆ. ಅಂಜಿದ, ಅದೇ ನಿಜ. ಒಳ್ಳೆಯವನೇ, ಆದರೆ ಅಂಜಿದ.

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ದೇವುವಿನ ಹೆಂಡತಿ ಭಾರತಿ ಬೈಕು ಹೊಡೆದುಕೊಂಡು ತಾನೇ ಶೆಡ್ಡಿಗೆ ಬಂದಳು. ಗಂಡ ಮೂಲೆ ಹಿಡಿದ ಮೇಲೆ ಹೊಲದಲ್ಲಿ ಬಿದ್ದು ಎದ್ದು ಬೈಕು ಕಲಿತಿದ್ದಳು. ಸ್ಟ್ಯಾಂಡು ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು, ನೇರ ಮಾತಿಗೆ ಬಂದಳು.

"ಕಾಕಾ, ಟ್ರೇಲರ್ ರಿಪೇರಿ ಮಾಡಿ ಕೊಡ್ರಿ. ಇನ್ನ ಮ್ಯಾಲ ನಾನೇ ಹೊಡಿತೀನಿ."

"ನೀನೇನವ್ವ? ಮೀನ್ ಬುಟ್ಟಿ ಹೇರಿಕೊಂಡು?"

"ಮತ್ಯಾರು ಹೊಡಿಬೇಕು? ಆದ್ರ ಕೊಂಡಿ ಬ್ಯಾರೆ ಮಾಡ್ರಿ. ಬಿದ್ರ ಅದೊಂದೇ ಬೀಳ್ಬೇಕು. ಗಾಡೀನ ಎಳ್ಕೊಂಡು ಬೀಳಬಾರ್ದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಅಮೀನಸಾಬನ ಗತಿ ಅದಾಯಿತು. ಇವಳಿಗೆ ಗೊತ್ತಿದೆಯೇ? ಗೊತ್ತಿದ್ದು ಕೇಳುತ್ತಿದ್ದಾಳೆಯೇ? ಭಾರತಿಯ ಮುಖದಲ್ಲಿ ಏನೂ ಕಾಣಲಿಲ್ಲ. "ಮಾಡ್ತೀನಿ ಬೇಟಾ. ಕೂಲಿ ಬ್ಯಾಡ" ಎಂದ. ಅವಳು ಯಾಕೆ ಎಂದು ಕೇಳಲಿಲ್ಲ.

ಎಂಟು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಯಾದಗಿರಿಯ ಗುಜರಿ ಅಂಗಡಿಗಳಲ್ಲಿ ಒಂದಿಡೀ ದಿನ ಹುಡುಕಿ, ಹಳೇ ಲಾರಿಯ ಮೊಳಕೈ ಉದ್ದದ ಬೋಲ್ಟು ತಂದ. ಅದು ಸರಿಯಾಗಿ ಹೊಗುವಂಥ ದಪ್ಪ ಪೈಪು ತಂದ. ಪೈಪನ್ನು ಟ್ರೇಲರಿನ ಕುತ್ತಿಗೆಗೆ ಉದ್ದಕ್ಕೆ ಬೆಸೆದ. ಬೋಲ್ಟನ್ನು ಗ್ರೀಸು ಬಳಿದು ಅದರೊಳಗೆ ಮಲಗಿಸಿ, ಮುಂದಿನ ತುದಿ ಮೊದಲಿನಂತೆ ಮೊಳೆಯಿಂದ ಬೈಕಿನ ಕೊಂಡಿಗೆ ಸೇರುವಂತೆ ಮಾಡಿ, ಹಿಂದಿನ ತುದಿಗೆ ನಟ್ಟು ಹಾಕಿದ. ನಟ್ಟನ್ನು ಬಿಗಿಯಲಿಲ್ಲ. ಕೂದಲೆಳೆಯಷ್ಟು ಸಡಿಲು ಬಿಟ್ಟು, ಬಿಚ್ಚಿಹೋಗದಂತೆ ಅಡ್ಡಕ್ಕೊಂದು ಪಿನ್ನು ಚುಚ್ಚಿದ. ಇನ್ನು ಪೈಪು ಬೋಲ್ಟಿನ ಸುತ್ತ ತಿರುಗಬಹುದು. ಟ್ರೇಲರು ಅಂಗಾತ ಬಿದ್ದರೂ ಬೈಕು ನೆಟ್ಟಗೆ ನಿಲ್ಲಬಹುದು. ಇಂಥದ್ದಕ್ಕೆ ತಿರುಗುಣಿ ಅನ್ನುತ್ತಾರೆ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮೂವರೂ ಬಂದರು. ಭಾರತಿ ಬೈಕಿನ ಮೇಲೆ, ದ್ಯಾವಪ್ಪ ಮತ್ತು ದೇವು ಬಸ್ಸಿನಲ್ಲಿ. ಒಂದೇ ಬಸ್ಸಿನಲ್ಲಿ ಬಂದರೂ ಅಪ್ಪ ಮುಂದಿನ ಬಾಗಿಲಲ್ಲಿ ಇಳಿದ, ಮಗ ಹಿಂದಿನ ಬಾಗಿಲಲ್ಲಿ ಬಡಿಗೆ ಊರಿಕೊಂಡು ಇಳಿದ. ಅಮೀನಸಾಬ ಟ್ರೇಲರನ್ನು ಬೈಕಿಗೆ ಜೋಡಿಸಿ, ಎಲ್ಲರ ಎದುರು ತೊಟ್ಟಿಗೆ ಭುಜ ಕೊಟ್ಟು ಅದನ್ನು ಮಗುಚಿ ಹಾಕಿದ. ತೊಟ್ಟಿ ಒಂದು ಗಾಲಿ ಆಕಾಶಕ್ಕೆ ಮಾಡಿ ಬಿತ್ತು. ಬೈಕು ಮಿಸುಕಲಿಲ್ಲ. ದೇವು ಬಡಿಗೆ ಊರಿಕೊಂಡು ಬಂದು ತಿರುಗುಣಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. ಭಾರತಿ, "ಇನ್ನೊಮ್ಮಿ ಬೀಳಸ್ರಿ ಕಾಕಾ" ಅಂದಳು. ಇನ್ನೊಮ್ಮೆ ಬೀಳಿಸಿದ. ಅವಳು ನಕ್ಕಳು.

ಅಲ್ಲಿಗೆ ಮುಗಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಟ್ರೇಲರನ್ನು ನೆಟ್ಟಗೆ ನಿಲ್ಲಿಸಿದ ಮೇಲೆ ದ್ಯಾವಪ್ಪ ಬಗ್ಗಿ ನಟ್ಟಿನ ಮೇಲೆ ಬೆರಳಾಡಿಸಿದ. ಹಿಡಿದು ಅಲುಗಿಸಿದ.

"ಸಾಬ್ರ, ಇದು ಲಟಪಟ ಅನ್ನಾಕತ್ತದ."

"ಅದು ಹಂಗೇ ಇರ್ಬೇಕ್ರಿ ದ್ಯಾವಪ್ಪಣ್ಣ. ಪಿನ್ ಹಾಕೀನಿ, ಬಿಚ್ಚಂಗಿಲ್ಲ."

"ಪಿನ್ನೇನ್ರಿ, ಓಣಿ ಹುಡುಗ್ರು ಹಲ್ಲಿಲೆ ಕಿತ್ತು ಒಯ್ತಾರ. ನಿಮ್ಮ ಟಾಕಾ ಎಲ್ಲದ? ಮೊದಲಿನ ಸಲ ಹನ್ನೆರ್ಡು ಟಾಕಾ ಹಾಕಿದ್ರಿ. ಈ ಸಲ ಸೊಸಿ ಹೊಡ್ಯಾಕಿ ಅಂತ ಬಿಟ್ರೇನು? ಟಾಕಾ ಇಲ್ದ ನಾ ಒಯ್ಯಂಗಿಲ್ರಿ."

ಪಕ್ಕದಂಗಡಿಯಿಂದ ನಯೀಮ ಇಣುಕಿ ನಕ್ಕ. "ಹಾಕಿ ಕೊಡ್ರಿ ಚಾಚಾ, ಹೆಸ್ರು ಹೋಗ್ತದ" ಎಂದ. ನಾಲ್ಕೂವರೆಗೆ ಕರೆಂಟು ಹೋಗುವುದಿತ್ತು, ಐದೇ ನಿಮಿಷ ಉಳಿದಿತ್ತು. ದ್ಯಾವಪ್ಪ ಬಸ್ಸಿಗೆ ಅವಸರ ಮಾಡುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹೆಸರು ಎಂಬ ಮಾತು ಕಿವಿಗೆ ಬಿದ್ದದ್ದೇ ಅಮೀನಸಾಬನ ಕೈ ವೆಲ್ಡಿಂಗ್ ಹೋಲ್ಡರು ಹಿಡಿಯಿತು. ಎಡಗೈಯಲ್ಲಿ ಮುಖಕ್ಕೆ ಗಾಜು ಅಡ್ಡ ಹಿಡಿದ. ಚರ್ ಅಂತ ಒಂದು ಹನಿ ಬಿತ್ತು. ದ್ಯಾವಪ್ಪ ಆರುವ ತನಕ ಕಾದು, ಬೆರಳಾಡಿಸಿ, "ಈಗ ಆತು ನೋಡ್ರಿ ಕೆಲಸ" ಎಂದು ಹೇಳಿ, ಬಲೆಯ ದಾರ ತರಲು ಯಾದಗಿರಿಯ ಬಸ್ಸು ಹತ್ತಿದ. ಮಗನ ಕಡೆ ತಿರುಗಿಯೂ ನೋಡಲಿಲ್ಲ.

ಬೈಕಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂರಲು ದೇವುವಿಗೆ ಆಗುತ್ತಿರಲಿಲ್ಲ. ಅಮೀನಸಾಬನೇ ಗೋಣಿಚೀಲ ಹಾಸಿ ಅವನನ್ನು ಟ್ರೇಲರಿನಲ್ಲಿ ಕೂರಿಸಿದ. ಭಾರತಿ ಗೇರು ಹಾಕಿ ಹೊರಟಳು. ಅವರು ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತ ಅಮೀನಸಾಬನಿಗೆ ಆರು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ಹಸಿದಂತಾಯಿತು.

ಶೆಡ್ಡಿನ ಹಿಂದೆಯೇ ಮನೆ. ಸಾಮಾನು ಎತ್ತಿಟ್ಟು ಒಳಗೆ ಬಂದಾಗ ಹೆಂಡತಿ ಮಮ್ತಾಜ ಚಹಾಕ್ಕೆ ಇಟ್ಟಿದ್ದಳು. ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಆಜಾನ್ ಆಯಿತು. ಅವನು ಬಚ್ಚಲ ಕಟ್ಟೆಯ ಮೇಲೆ ಕೂತು ವಜೂ ಮಾಡತೊಡಗಿದ. ಕೈ ತೊಳೆದ. ಉಂಗುರ ತಿರುಗಿಸಿದ, ನೀರು ಕೆಳಗೆ ಹೋಗಲೆಂದು. ಬೆರಳು ಸುಮ್ಮನಿತ್ತು, ಉಂಗುರ ತಿರುಗಿತು. ಇನ್ನೊಮ್ಮೆ ತಿರುಗಿಸಿದ. ಅಲ್ಲೇ ಕೈ ನಿಂತಿತು.

ಟಾಕಾ ಎಲ್ಲಿಗೆ ಬಿತ್ತು? ನಟ್ಟಿನ ಅಂಚಿಗೆ. ನಟ್ಟಿನ ಅಂಚಿನ ಆಚೆ ಏನಿತ್ತು? ಪೈಪಿನ ಬಾಯಿ. ನಟ್ಟನ್ನೂ ಪೈಪನ್ನೂ ಸೇರಿಸಿ ಒಂದೇ ಹನಿ ಹಿಡಿದಿದೆ. ನಟ್ಟಿಗೆ ಅಡ್ಡ ಪಿನ್ನಿದೆ, ಅದು ಬೋಲ್ಟನ್ನು ಹಿಡಿದಿದೆ. ಅಂದರೆ ಬೋಲ್ಟು ಇನ್ನು ಪೈಪಿನೊಳಗೆ ತಿರುಗುವುದಿಲ್ಲ. ಎಂಟು ದಿನದ ತಿರುಗುಣಿ ಒಂದು ಕಡಲೆಕಾಳಿನಿಂದ ಹಳೇ ಕೊಂಡಿಯಾಗಿತ್ತು. ಅದೇ ಟ್ರೇಲರಿನಲ್ಲಿ ದೇವು ಕೂತಿದ್ದಾನೆ, ಅದೇ ಕಾಲುವೆಯ ಏರಿಯ ಮೇಲೆ ಹೋಗುತ್ತಾನೆ. ಅಮೀನಸಾಬ ತಂಬಿಗೆ ಬಿಟ್ಟು ಎದ್ದ.

"ಕ್ಯಾ ಹುವಾ ಜೀ?" ಮಮ್ತಾಜ ಒಲೆಯ ಮುಂದಿನಿಂದ ಎದ್ದಳು. ಅವನು ಒದ್ದೆ ಕೈಯಲ್ಲೇ ಶೆಡ್ಡಿಗೆ ಓಡಿ, ಟಾಕಾ ಕಡಿಯಲು ಚಾಣ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹಳೇ ಮೊಪೆಡ್ಡಿಗೆ ಪೆಡಲು ತುಳಿದ. ಮೂರನೆಯ ತುಳಿತಕ್ಕೆ ಅದು ಹೊತ್ತಿಕೊಂಡಿತು.

ಅವನ ಹತ್ತಿರ ಇದ್ದದ್ದು ದ್ಯಾವಪ್ಪನ ನಂಬರೊಂದೇ. ಊರ ಹೊರಗೆ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಚ್ಚಿದ. ಬಸ್ಸಿನ ಗದ್ದಲದ ನಡುವೆ ದ್ಯಾವಪ್ಪನ ದನಿ ಬಂತು.

"ದ್ಯಾವಪ್ಪಣ್ಣ, ಭಾರತಿ ಫೋನ್ ನಂಬರ್ ಹೇಳ್ರಿ ಲಗೂನ."

"ಅಂವನ ಕಡಿ ಫೋನಿಲ್ಲ, ಅಕಿದು ಗಾಡಿ ಡಬ್ಬಿನ್ಯಾಗ ಇರ್ತದ್ರಿ. ಗಾಡಿ ಹೊಡಿವಾಗ ಎತ್ತಂಗಿಲ್ಲ. ಯಾಕ್ರಿ?"

ಈಗಾದರೂ ಹೇಳಬಹುದಿತ್ತು. ನಾಲಿಗೆ ಮತ್ತೆ ಅಡ್ಡ ಹೊರಳಿತು. "ಏನಿಲ್ಲ, ಒಂದ್ ಸಾಮಾನ್ ಮರತಾರ" ಎಂದು ಫೋನು ಇಟ್ಟ. ಇಟ್ಟ ಮೇಲೆ ತನ್ನ ಮೇಲೆಯೇ ಅವನಿಗೆ ಅಸಹ್ಯ ಬಂತು. ನಂಬರು ಸಹ ತೆಗೆದುಕೊಳ್ಳಲಿಲ್ಲವಲ್ಲ ಎಂದು ಹೊಳೆದದ್ದು ಅರ್ಧ ಕಿಲೋಮೀಟರು ದಾಟಿದ ಮೇಲೆ.

ಡಾಂಬರು ರಸ್ತೆಯ ಮೇಲೆ ಅಪಾಯವಿಲ್ಲ, ಅದು ಅವನಿಗೆ ಗೊತ್ತು. ಸಮತಟ್ಟಿನಲ್ಲಿ ಟ್ರೇಲರು ವಾಲುವುದಿಲ್ಲ. ದೋರನಹಳ್ಳಿ ದಾಟಿ, ಡಾಂಬರು ಬಿಟ್ಟು, ಕಾಲುವೆಯ ಏರಿ ಹತ್ತಿದರೆ ಕೇಡು. ಏರಿಗೆ ಮುಂಚೆ ಹಿಡಿಯಬೇಕು. ಮೊಪೆಡ್ಡಿನ ಕಿವಿ ಪೂರ್ತಿ ಹಿಂಡಿದರೂ ಅದು ತನ್ನ ಹಟ ಬಿಡಲಿಲ್ಲ, ಹತ್ತಿಯ ಗಂಟು ಹೇರಿದ ಟ್ರ್ಯಾಕ್ಟರುಗಳು ಕೂಡ ಹಿಂದೆ ಬೀಳಲೊಲ್ಲವು. ಯಾ ಅಲ್ಲಾ, ಯಾ ಅಲ್ಲಾ ಎಂದು ಬಾಯಿ ತಾನಾಗಿ ಅನ್ನುತ್ತಿತ್ತು. ಅರ್ಧಕ್ಕೆ ಬಿಟ್ಟ ವಜೂವಿನ ನೀರು ತೋಳಿನ ಮೇಲೆ ಗಾಳಿಗೆ ಆರಿ ತಣ್ಣಗೆ ಕೊರೆಯುತ್ತಿತ್ತು.

ದೋರನಹಳ್ಳಿಯ ಮೂಲೆಯಲ್ಲಿ ಚಹಾದಂಗಡಿ ಸಾಬಣ್ಣ ಗಿರಣಿಯವರಿಗೆ ಚಹಾ ಸೋಸುತ್ತಿದ್ದ. ಅಮೀನಸಾಬ ಕಾಲೂರಿ ಕೇಳಿದ.

"ಮೀನಗಾರ ದ್ಯಾವಪ್ಪನ ಸೊಸಿ ಟ್ರೇಲರ್ ತಗೊಂಡು ಹೋಗ್ಯಾಳೇನು?"

"ಈಗ ಹೋದ್ಲಲ್ರಿ. ಮಕ್ಕಳಿಗೆ ಭಜಿ ಕಟ್ಟಿಸ್ಕೊಂಡು ಹೋದ್ಲು. ಹತ್ತು ನಿಮಿಷನೂ ಆಗಿಲ್ಲ. ಚಹಾ ಕುಡಿರಿ, ಯಾಕ ಇಷ್ಟು ಬೆವತೀರಿ?"

ಅಮೀನಸಾಬ ಅಷ್ಟರಲ್ಲಿ ಮುಂದೆ ಹೋಗಿದ್ದ.

ಏರಿಗೆ ಬಂದಾಗ ಹೊತ್ತು ಹಳದಿಯಾಗಿತ್ತು. ಬಲಕ್ಕೆ ತುಂಬಿ ಹರಿಯುವ ಕಾಲುವೆ, ಎಡಕ್ಕೆ ಎರಡಾಳು ಕೆಳಗೆ ಎರೆ ಹೊಲ, ನಡುವೆ ಟ್ರ್ಯಾಕ್ಟರು ತುಳಿದು ಸೀಳಿದ ಮಣ್ಣಿನ ದಾರಿ. ಎರಡು ಹೊಲದಷ್ಟು ದೂರದಲ್ಲಿ ಅವರು ಕಂಡರು. ಭಾರತಿ ಹುಷಾರಾಗಿ, ನಡೆಯುವ ವೇಗದಲ್ಲಿ ಹೋಗುತ್ತಿದ್ದಳು. ಟ್ರೇಲರಿನ ಬಲಗಾಲಿ ಒಂದು ಹೆಂಟೆ ಹತ್ತಿತು. ತೊಟ್ಟಿ ಎಡಕ್ಕೆ ವಾಲಿತು, ಬೈಕೂ ಎಡಕ್ಕೆ ವಾಲಿತು, ಭಾರತಿ ಕಾಲು ಕೊಟ್ಟು ಸಂಭಾಳಿಸಿದಳು. ಅಷ್ಟು ದೂರದಿಂದಲೂ ಅಮೀನಸಾಬನಿಗೆ ಅದು ಚೆನ್ನಾಗಿ ಕಂಡಿತು. ಇನ್ನೇನೂ ಅನುಮಾನ ಉಳಿಯಲಿಲ್ಲ.

ಕೂಗಿದ. ಗಾಳಿ ಎದುರಿನದು, ಕೇಳಿಸಲಿಲ್ಲ. ಹಾರನ್ನು ಒತ್ತಿದ, ಅದು ಕೆಟ್ಟು ವರ್ಷವಾಗಿತ್ತು. ಮುಂದೆ ಕಾಲುವೆಯ ನೀರು ಹೊಲಕ್ಕಿಳಿಯುವ ಮೋರಿಯ ಹತ್ತಿರ ಏರಿಯ ಎಡ ಅಂಚು ಕುಸಿದಿತ್ತು. ಹೋದ ಸಲ ದೇವು ಬಿದ್ದದ್ದು ಅಲ್ಲಿಯೇ. ಭಾರತಿಯೂ ಅದನ್ನು ನೋಡಿ ಆದಷ್ಟು ಬಲಕ್ಕೆ ಸರಿದಳು. ಬೈಕು ದಾಟಿತು. ಟ್ರೇಲರಿನ ಎಡಗಾಲಿ ದಾಟಲಿಲ್ಲ. ಮಣ್ಣು ಜರಿದು, ಗಾಲಿ ಮೊಳದಷ್ಟು ಕೆಳಗಿಳಿದು ನಿಂತಿತು. ತೊಟ್ಟಿ ಹೊಲದ ಕಡೆಗೆ ವಾಲಿ, ಬೈಕನ್ನೂ ತನ್ನ ಜೊತೆಗೆ ಆ ಕಡೆಗೇ ಬಗ್ಗಿಸತೊಡಗಿತು.

ಅಮೀನಸಾಬ ಮೊಪೆಡ್ಡನ್ನು ನಡೆಯುತ್ತಿರುವಂತೆಯೇ ಕೈಬಿಟ್ಟು, ಚೀಲ ಹಿಡಿದು ಓಡಿದ. ದಪ್ಪ ಮೈ, ಮೊಣಕಾಲು ನೋವು, ಆದರೂ ಓಡಿದ.

"ಭಾರತಿ, ಬ್ರೇಕ್ ಬಿಡಬ್ಯಾಡ. ಕಾಲ್ ತಗೀಬ್ಯಾಡ. ಹಂಗೇ ನಿಂದ್ರು."

ಅವಳು ಎಡಗಾಲು ನೆಲಕ್ಕೆ ಊರಿ, ಹಲ್ಲು ಕಚ್ಚಿ, ಇಡೀ ಬೈಕಿನ ಭಾರ ತೊಡೆಯ ಮೇಲೆ ಹೊತ್ತು ನಿಂತಿದ್ದಳು. ತೊಡೆ ನಡುಗುತ್ತಿತ್ತು. ದೇವು ತೊಟ್ಟಿಯ ಕೆಳಬದಿಗೆ ಜಾರಿ, ಅಂಚು ಹಿಡಿದುಕೊಂಡು, ಮೇಲೆ ಬರಲಾರದೆ ಒದ್ದಾಡುತ್ತಿದ್ದ. ಅಮೀನಸಾಬ ಚೀಲ ಕೆಳಗೆ ಹಾಕಿ, ತೊಟ್ಟಿಯ ಬಲ ಅಂಚನ್ನು ಎರಡೂ ಕೈಯಿಂದ ಹಿಡಿದು, ಗಾಲಿಗೆ ಪಾದ ಕೊಟ್ಟು, ಇಡೀ ಮೈಯನ್ನು ಕಾಲುವೆಯ ಕಡೆಗೆ ಜೋತುಬಿಟ್ಟ. ತೊಟ್ಟಿ ಎರಡು ಬೆರಳಷ್ಟು ಮೇಲೆ ಬಂತು. ಅಷ್ಟೇ, ಮತ್ತೆ ಬರಲಿಲ್ಲ.

"ದೇವು, ನನ್ನ ಕಡಿ ಸರಿ. ಕಾಲ್ ಎಳಕೊಂಡು ಬಾ. ನನ್ನ ಅಂಗಿ ಹಿಡಿ."

ದೇವು ಮೊಳಕೈ ಮೇಲೆ ತೆವಳಿ ಬಂದು, ಅವನ ಅಂಗಿ ಹಿಡಿದು, ಅಂಚಿನ ಮೇಲಿಂದ ಹೊರಳಿ ದಾರಿಗೆ ಬಿದ್ದ. ರಾಡು ಹಾಕಿದ ಕಾಲಿನ ಮೇಲೆಯೇ ಬಿದ್ದ. ಕೂಗಲಿಲ್ಲ, ಮುಖ ಬಿಳುಪಾಯಿತು. ಅವನು ಇಳಿದದ್ದರಿಂದ ತೊಟ್ಟಿ ಹಗುರಾಯಿತು, ಆದರೆ ಗಾಲಿಯ ಕೆಳಗಿನ ಮಣ್ಣು ಇನ್ನೂ ಜರಿಯುತ್ತಿತ್ತು. ಭಾರತಿ ಇಳಿಯುವಂತಿಲ್ಲ, ಇಳಿದರೆ ಎರಡೂ ಹೋಗುತ್ತವೆ. ಅಮೀನಸಾಬ ಕೈ ಬಿಡುವಂತಿಲ್ಲ.

"ಚೀಲದಾಗ ಸುತ್ತಿಗಿ ಅದ. ಕೊಂಡಿ ಮೊಳಿ ಹೊಡಿ. ಕೆಳಗಿಂದ ಮ್ಯಾಲಕ ಹೊಡಿ."

ದೇವು ಕೂತಲ್ಲೇ ಚೀಲ ಎಳೆದುಕೊಂಡು, ನೆಲದ ಮೇಲೆ ಜರುಗುತ್ತ ಕೊಂಡಿಯ ಹತ್ತಿರ ಹೋದ. ಮೊದಲ ಏಟು ತಪ್ಪಿ ಕಬ್ಬಿಣಕ್ಕೆ ಬಿತ್ತು. ಎರಡನೆಯದಕ್ಕೆ ಮೊಳೆ ಅರ್ಧ ಬೆರಳು ಎದ್ದಿತು. ಮೂರನೆಯದು, ನಾಲ್ಕನೆಯದು. ಅಮೀನಸಾಬನ ಬೆರಳುಗಳ ಜೀವ ಹೋಗುತ್ತಿತ್ತು, ಉಂಗುರ ಮೂಳೆಗೆ ಒತ್ತುತ್ತಿತ್ತು. ಐದನೆಯ ಏಟಿಗೆ ಮೊಳೆ ಹಾರಿ ಮಣ್ಣಿಗೆ ಬಿತ್ತು.

"ಬಿಡ್ರಿ ಕಾಕಾ" ಎಂದ ದೇವು.

ಅಮೀನಸಾಬ ಕೈಬಿಟ್ಟು ಹಿಂದಕ್ಕೆ ಕೂತ. ತೊಟ್ಟಿ ಒಂದು ಕ್ಷಣ ನಿಂತು, ಏರಿಯ ಅಂಚು ದಾಟಿ, ಎರಡು ಸಲ ಹೊರಳಿ, ಕೆಳಗೆ ಹೊಲದಲ್ಲಿ ಗಾಲಿ ಮೇಲೆ ಮಾಡಿ ಬಿತ್ತು. ಬೈಕು ದಾರಿಯ ಮೇಲೆ ನೆಟ್ಟಗಾಯಿತು. ಭಾರತಿ ಅದರ ಹ್ಯಾಂಡಲ್ ಹಿಡಿದುಕೊಂಡು ನಿಂತೇ ಇದ್ದಳು. ಬಿದ್ದದ್ದು ಟ್ರೇಲರೊಂದೇ.

ಭಜಿಯ ಪೊಟ್ಟಣ ಒಡೆದು ಏರಿಯ ತುಂಬ ಚೆಲ್ಲಿತ್ತು. ಆಮೇಲೆ ಭಾರತಿ ಸ್ಟ್ಯಾಂಡು ಹಾಕಿ ಬಂದು ಗಂಡನ ಕಾಲು ಮುಟ್ಟಿ ಮುಟ್ಟಿ ನೋಡಿದಳು, ಅಮೀನಸಾಬನ ಕಡೆಗೆ ತಿರುಗಿದಳು.

"ಅದು ತಿರುಗ್ಲಿಲ್ಲ ಕಾಕಾ. ಅಲ್ಲಿ ಎರಡೆರಡು ಸಲ ಬೀಳಸಿ ತೋರ್ಸಿದ್ರಿ. ಇಲ್ಲಿ ಯಾಕ ತಿರುಗ್ಲಿಲ್ಲ?"

"ಟಾಕಾ ಹಾಕಿದೆ. ನಟ್ ಪೈಪಿಗೆ ಹತ್ಕೊಂಡದ. ವಜೂ ಮಾಡಾಕ ಕುಂತಾಗ ತಿಳೀತು."

ದೇವು ಮಣ್ಣಿನಲ್ಲಿ ಬಿದ್ದಿದ್ದ ಮೊಳೆಯನ್ನು ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸುತ್ತಿದ್ದ. ತಲೆ ಎತ್ತದೆಯೇ ಕೇಳಿದ. "ಅವತ್ತೂ ಹಿಂಗೇ ಎಳಕೊಂಡು ಹೋತಲ್ರಿ ಕಾಕಾ. ಸೇಮ್ ಹಿಂಗೇ. ಅವತ್ತು ಏನಾಗಿತ್ತು?"

ಅಮೀನಸಾಬನಿಗೆ ಇನ್ನು ಅಂಜಿಕೆಗೆ ಶಕ್ತಿ ಉಳಿದಿರಲಿಲ್ಲ.

"ಅವತ್ತು ತಿರುಗುಣಿನೇ ಇದ್ದಿಲ್ಲ ದೇವು. ನನ್ನ ಕೊಂಡಿ ತಪ್ಪು. ನೀ ಕುಡಿದಿದ್ದಿಲ್ಲ. ನನಗ ಮರುದಿನನೇ ಗೊತ್ತಾಗಿತ್ತು."

ಭಾರತಿ ಎದ್ದು ನಿಂತಳು. "ಆರು ತಿಂಗಳಾತು ಕಾಕಾ" ಎಂದಳು. "ಆರು ತಿಂಗಳು ಈ ಮನಷಾ ಹೊಳಿ ಕಡಿ ಮುಖ ಮಾಡಿಲ್ಲ. ಮಾವ ಉಣ್ಣಾಕ ಕುಂತ್ರ ಇಂವ ಎದ್ದು ಹೊರಗ ಹೋಗ್ತಾನ. ನಾನೂ ಒಂದೊಂದು ದಿನ ನಂಬೀನಿ, ಕುಡದಿರಬೇಕು ಅಂತ. ನೀವು ಸುಮ್ನಿದ್ರಿ."

"ಸುಮ್ನಿದ್ದೆ" ಎಂದ ಅಮೀನಸಾಬ. "ಹೆಸ್ರಿಗೆ ಅಂಜಿದೆ ಬೇಟಾ."

ಅಷ್ಟರಲ್ಲಿ ಅವನ ಕಿಸೆಯ ಫೋನು ಕೂಗಿತು. ದ್ಯಾವಪ್ಪ. ಅಮೀನಸಾಬ ಇಬ್ಬರ ಮುಖವನ್ನೂ ನೋಡಿ, ಸ್ಪೀಕರು ಹಾಕಿ ಎತ್ತಿದ.

"ಸಾಬ್ರ, ಯಾದಗಿರಿ ಬಸ್ ಸ್ಟ್ಯಾಂಡಿನ್ಯಾಗ ನಿಂತೀನಿ. ಭಾರತೀಗ ಹತ್ತು ಸಲ ಹಚ್ಚೀನಿ, ಎತ್ತವಲ್ಲಳು. ನಿಮ್ಮ ದನಿನೂ ಆಗ ಸರಿ ಇದ್ದಿಲ್ಲ. ಏನಾತು? ಅಂವ ಮತ್ತ ಎಲ್ಲ್ಯರ ಕುಡದಾನೇನು?"

ದೇವು ಮೊಳೆ ಹೊರಳಿಸುವುದನ್ನು ನಿಲ್ಲಿಸಿದ.

"ಇಲ್ರಿ ದ್ಯಾವಪ್ಪಣ್ಣ" ಎಂದ ಅಮೀನಸಾಬ. "ಮೂರೂ ಮಂದಿ ಸುಖ ಇದೀವಿ. ಟ್ರೇಲರ್ ಮೋರಿ ಹತ್ರ ಬಿತ್ತು. ಇವತ್ತಿನ ತಪ್ಪು ನಂದು, ಆರು ತಿಂಗಳ ಹಿಂದಿನ ತಪ್ಪೂ ನಂದೇ. ನನ್ನ ಕೊಂಡಿ ಬೈಕನ್ನ ಎಳಕೊಂಡು ಬಿದ್ದಿತ್ತು. ದೇವು ಒಂದು ಹನಿ ಕುಡಿದಿದ್ದಿಲ್ಲ. ಹರಗೋಲಿನ ಆಣೆ ಮುರಿದಿಲ್ಲ ಅಂವ. ಗೊತ್ತಿದ್ದೂ ನಾ ಬಾಯಿ ಬಿಡ್ಲಿಲ್ಲ. ಆ ಹಳೇ ಕೊಂಡಿ ನನ್ನ ಶೆಡ್ಡಿನ ಹಿಂದ ಗೋಣಿಚೀಲದಾಗ ಅದ. ನಾಳೆ ತಂದು ನಿಮ್ಮ ಊರ ಕಟ್ಟಿ ಮ್ಯಾಲ ಇಡ್ತೀನಿ, ಎಲ್ಲಾರ ಮುಂದ ಹೇಳ್ತೀನಿ."

ಫೋನಿನಲ್ಲಿ ಬಸ್ ಸ್ಟ್ಯಾಂಡಿನ ಗದ್ದಲ ಕೇಳಿಸುತ್ತಿತ್ತು. ಯಾರೋ ಸುರಪುರ, ಸುರಪುರ ಎಂದು ಕೂಗುತ್ತಿದ್ದರು. ಅಮೀನಸಾಬ ಬೈಗುಳಕ್ಕೆ ಕಾದ. ಬೈದರೆ ಮನಸ್ಸಿಗೆ ನಿರಾಳವಾಗುತ್ತಿತ್ತು. ಬೈಗುಳ ಬರಲಿಲ್ಲ. ಫೋನು ಇಟ್ಟುಬಿಟ್ಟನೇನೋ ಅಂದುಕೊಳ್ಳುವಾಗ ದನಿ ಬಂತು.

"ಫೋನ್ ದೇವೂನ ಕೈಯಾಗ ಕೊಡ್ರಿ."

ದೇವು ಅಂಗಿಗೆ ಕೈ ಒರೆಸಿಕೊಂಡು ಎರಡೂ ಕೈಯಿಂದ ಫೋನು ತೆಗೆದುಕೊಂಡ. "ಅಪ್ಪಾ" ಎಂದ. ಮುಂದೆ ಕೇಳುತ್ತ ಕೂತ. ಭಾರತಿ ಅವನ ಹೆಗಲ ಮೇಲೆ ಕೈಯಿಟ್ಟು, ಕಾಲುವೆಯ ಕಡೆ ಮುಖ ಮಾಡಿ ಅಳುತ್ತಿದ್ದಳು.

ಅಮೀನಸಾಬ ಚಾಣ, ಸುತ್ತಿಗೆ ಎತ್ತಿಕೊಂಡು ಏರಿಯಿಂದ ಜಾರುತ್ತ ಹೊಲಕ್ಕಿಳಿದ. ಅಂಗಾತ ಬಿದ್ದ ಟ್ರೇಲರಿನ ಕುತ್ತಿಗೆ ಮೇಲಕ್ಕಿತ್ತು, ತನ್ನ ಟಾಕಾ ಸಂಜೆಯ ಬೆಳಕಿಗೆ ಹೊಳೆಯುತ್ತಿತ್ತು. ಅದರ ಮೇಲೆ ಚಾಣ ಊರಿ ಸುತ್ತಿಗೆ ಎತ್ತಿದ. ಏರಿಯ ಮೇಲೆ ದೇವು "ಹೂಂ ಅಪ್ಪಾ, ಹೂಂ" ಅನ್ನುವುದು ಕೇಳಿಸಿತು. ಈಗ ಹೊಡೆದರೆ ಅಪ್ಪನ ಮಾತು ದೇವುವಿಗೆ ಕೇಳಿಸಲಿಕ್ಕಿಲ್ಲ ಎಂದು ಅಮೀನಸಾಬ ಸುತ್ತಿಗೆ ಇಳಿಸಿ, ಮಾತು ಮುಗಿಯಲೆಂದು ಹೊಲದಲ್ಲಿ ಕೂತ.